ಓದಲು ಹೆದರುವ ಮಕ್ಕಳಿಗೆ ಮೊದಲು ಸಣ್ಣ ಗೆಲುವು ಕೊಡಿಸಿ

ಪುಸ್ತಕ ತೆರೆದರೆ ಸಾಕು, ಗಾಬರಿಯಾಗುವ ಮಕ್ಕಳಿಗೆ ‘ನಿನ್ನ ಕೈಲಾಗುತ್ತೆ’ ಅಂತ ಸುಮ್ನೆ ಹೇಳುತ್ತಾ ಕೂರಬೇಡಿ. ಮಾತಿಗಿಂತ, ತಾವೇ ಮಾಡಿ ಮುಗಿಸಿದ ಕೆಲಸದಿಂದ ನಂಬಿಕೆ ಜಾಸ್ತಿ ಬೆಳೆಯುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಇದನ್ನು ಬರೆದಿದ್ದರು. ಹಾಗಾಗಿ ಹಿಂದಿನ ತರಗತಿಯ, ಖಂಡಿತ ಬರುವಂಥ ಲೆಕ್ಕದಿಂದ ಶುರು ಮಾಡಿಸಿ. ಹತ್ತೇ ನಿಮಿಷ ಸಾಕು. ಆಮೇಲೆ ಸ್ವಲ್ಪವೇ ಕಷ್ಟದ್ದು ಕೊಡಿ. ಮಧ್ಯೆ ನಿಂತುಬಿಟ್ಟರೆ ಉತ್ತರ ಹೇಳಿಬಿಡಬೇಡಿ (ನಮಗೇ ತಡೆಯೋಕಾಗಲ್ಲ, ಅಲ್ವಾ?). ‘ಇಲ್ಲಿವರೆಗೆ ಹೇಗೆ ಮಾಡಿದೆ, ಹೇಳು’ ಅಂತ ಕೇಳಿ. ಹೆದರಿಕೆ ಅಂತ ಓದನ್ನೇ ಪೂರ್ತಿ ಬಿಡಿಸಬೇಡಿ, ತಪ್ಪಿಸಿಕೊಂಡಷ್ಟೂ ಭಯ ಗಟ್ಟಿಯಾಗುತ್ತದೆ. ಬೇರೆ ಮಕ್ಕಳ ಅಂಕದ ಸುದ್ದಿಯಂತೂ ಬೇಡವೇ ಬೇಡ. ಊಟ, ನಿದ್ದೆ ಕೆಟ್ಟಿದ್ದರೆ ಮಾತ್ರ ತಡಮಾಡದೆ ಆಪ್ತಸಮಾಲೋಚಕರ ಬಳಿ ಕರೆದುಕೊಂಡು ಹೋಗಿ.