ಕಾಡಣಬೆಯ ಹುಳ ಯಾವುದು? ತಲೆ ನೋಡಿ
ಮೂಡಿಗೆರೆ ಕಡೆಯ ಮಳೆಗಾಲದ ಅಣಬೆ ಸೀಳಿದಾಗ ಬಿಳಿ ಹುಳ ಕಂಡರೆ ಮೊದಲು ತಲೆ ನೋಡಿ. ಬಿಳಿ ತಟ್ಟೆಯಲ್ಲಿ ಹನಿ ನೀರು ಹಾಕಿ, ಹುಳ ಬಿಟ್ಟು, ಮೊಬೈಲ್‌ನಲ್ಲಿ ಜೂಮ್ ಮಾಡಿದರೆ ಸಾಕು. ಹೊಳೆಯುವ ಕಪ್ಪು ತಲೆ ಇದ್ದರೆ ಅಣಬೆ ನುಸಿಯ (ಸೊಳ್ಳೆಯಂಥ ಪುಟ್ಟ ನೊಣ, ಫಂಗಸ್ ನ್ಯಾಟ್) ಮರಿ. ತಲೆಯೇ ಇಲ್ಲದಂತೆ ಮುಂದಿನ ತುದಿ ಚೂಪಾಗಿ, ಒಳಗೆ ಕಪ್ಪು ಕೊಕ್ಕೆ ಮಾತ್ರ ಕಂಡರೆ ಹಣ್ಣುನೊಣದಂಥ ನೊಣದ್ದು. ಮೂರು ಜೊತೆ ಕಾಲಿದ್ದರೆ ನೊಣದ್ದೇ ಅಲ್ಲ, ನೊಣದ ಮರಿಗೆ ನಿಜವಾದ ಕಾಲಿರುವುದಿಲ್ಲ. ಹೆಚ್ಚಾಗಿ ಅದು ಜೀರುಂಡೆ ಮರಿ. ಹುಳ ತಿಂದಿದೆ ಅಂತ ಅಣಬೆಯನ್ನು ನೀವು ತಿನ್ನಬೇಡಿ, ದಯವಿಟ್ಟು. ವಿಷದ ಅಣಬೆಯಲ್ಲೂ ಇವು ಆರಾಮಾಗಿ ಬೆಳೆಯುತ್ತವೆ. ತೀರಾ ಎಳೆಯ ಹುಳದಲ್ಲಿ ಈ ಗುರುತು ಕಾಣುವುದಿಲ್ಲ. ಯಾವ ಜಾತಿ ಅಂತ ತಿಳಿಯಲೂ ಮರಿ ಸಾಲದು. ಅಣಬೆ ತುಂಡನ್ನು ಬಾಟಲಿಯಲ್ಲಿ ತೇವದ ಮಣ್ಣಿನ ಮೇಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ರೆಕ್ಕೆಯ ನೊಣ ಹೊರಬರುವವರೆಗೆ ಕಾಯಬೇಕು.