ಶಾಲಾ ಅಭಿವೃದ್ಧಿ ಯೋಜನೆಯನ್ನು ಎಲ್ಲ ಶಿಕ್ಷಕರೂ ಕುಳಿತು ಬರೆದಾಗ

ಶಿಕ್ಷಣ ಹಕ್ಕು ಕಾಯ್ದೆ 2009ರ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕಾದದ್ದು ಶಾಲೆಯ ಸಮಿತಿ, ಅಂದರೆ ನಮ್ಮಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಥವಾ ಎಸ್‌ಡಿಎಂಸಿ. ಆದರೆ ಎಷ್ಟೋ ಕಡೆ ಮುಖ್ಯ ಶಿಕ್ಷಕರು ಒಬ್ಬರೇ ಹಿಂದಿನ ವರ್ಷದ ಪ್ರತಿಯನ್ನು ಎದುರಿಗಿಟ್ಟುಕೊಂಡು ಕಾಂಪೌಂಡ್, ಶೌಚಾಲಯ, ಸುಣ್ಣಬಣ್ಣ ಎಂದು ಬರೆಯುತ್ತಾರೆ. ಸಭೆಯಲ್ಲಿ ಸಹಿ ಬೀಳುತ್ತದೆ, ಕಡತ ಬೀರು ಸೇರುತ್ತದೆ. ಅದರಲ್ಲಿ ಏನಿದೆ ಎಂಬುದು ಸಹಶಿಕ್ಷಕರಿಗೇ ಗೊತ್ತಿರುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪ್ರಭಾರ ಮುಖ್ಯ ಶಿಕ್ಷಕಿಯಾಗಿದ್ದಾಗ ನಾನು ಆ ಕಡತವನ್ನು ಎಲ್ಲರ ಮುಂದೆ ಬಿಚ್ಚಿಟ್ಟೆ.

“ಇದು ಮುಖ್ಯ ಶಿಕ್ಷಕರ ಕೆಲಸ, ನಮಗೇಕೆ ಮೇಡಂ?” ಎಂದು ಹಿರಿಯ ಮೇಷ್ಟ್ರೊಬ್ಬರು ನೇರವಾಗಿಯೇ ಕೇಳಿದರು. ಅವರ ಬೇಸರಕ್ಕೆ ಕಾರಣವಿತ್ತು. ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ನಮೂದುಗಳ ನಡುವೆ ಪಾಠಕ್ಕೇ ಸಮಯ ಸಾಲುತ್ತಿರಲಿಲ್ಲ. ಹಾಗಾಗಿ ನಾನು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ತರಗತಿಯಲ್ಲಿ ನಿಮ್ಮನ್ನು ಹೆಚ್ಚು ಕಾಡುವ ಸಮಸ್ಯೆ ಯಾವುದು?

ಉತ್ತರ ಬಂದದ್ದು ನಾಲ್ಕನೇ ತರಗತಿಯ ಶಿಕ್ಷಕಿಯಿಂದ. ಮೂರನೇ ತರಗತಿಯವರೆಗೆ ನಲಿಕಲಿಯ, ಅಂದರೆ ಚಟುವಟಿಕೆಗಳ ಮೂಲಕ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿಯ, ಕಾರ್ಡು ಹಿಡಿದು ಕಲಿತ ಮಕ್ಕಳಲ್ಲಿ ಹಲವರು ನಾಲ್ಕಕ್ಕೆ ಬಂದು ಪಠ್ಯಪುಸ್ತಕ ತೆರೆದೊಡನೆ ತಡವರಿಸುತ್ತಾರೆ ಎಂದರು. ನಲಿಕಲಿ ಶಿಕ್ಷಕಿಗೆ ಇದು ದೂರಿನಂತೆ ಕೇಳಿಸಿತು. “ನನ್ನ ಮಕ್ಕಳು ಕಲಿಕಾ ಏಣಿ ಪೂರ್ತಿ ಹತ್ತಿದ್ದಾರೆ” ಎಂದು ಅವರು, ಕಲಿಕೆಯ ಯಾವ ಮೆಟ್ಟಿಲನ್ನು ಯಾವ ಮಗು ಮುಗಿಸಿದೆ ಎಂದು ಗುರುತಿಸುವ ಪ್ರಗತಿ ನೋಟವನ್ನೇ ತಂದು ತೋರಿಸಿದರು. ವಾದ ಬೆಳೆಸುವುದಕ್ಕಿಂತ ಮಕ್ಕಳನ್ನೇ ಓದಿಸಿ ಕೇಳೋಣ ಎಂದು ತೀರ್ಮಾನಿಸಿದೆವು. ಒಂದು ಮಗುವಿಗೆ ಇಬ್ಬರು ಶಿಕ್ಷಕರು, ಎರಡನೇ ತರಗತಿ ಮಟ್ಟದ ಒಂದು ಪ್ಯಾರಾ. ಅಂಕ ಹಾಕುವಂತಿಲ್ಲ, ಎಡವಿದ ಪದವನ್ನು ಮಗು ಹೇಳಿದಂತೆಯೇ ಬರೆದುಕೊಳ್ಳಬೇಕು.

ಆ ಹಾಳೆಗಳನ್ನು ಒಟ್ಟಿಗೆ ಇಟ್ಟಾಗ ತೊಡಕು ಎಲ್ಲಿದೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಕಾಗುಣಿತದಲ್ಲಿ ಹೆಚ್ಚಿನ ಮಕ್ಕಳು ಗಟ್ಟಿ. ಅಕ್ಕ, ಹಗ್ಗ, ಬೆಲ್ಲದಂಥ ಸಜಾತೀಯ ಒತ್ತಕ್ಷರಗಳನ್ನೂ ಸಲೀಸಾಗಿ ಓದುತ್ತಿದ್ದರು. ವಿಜಾತೀಯ ಬಂದರೆ ಒತ್ತು ಮಾಯ: ‘ಪುಸ್ತಕ’ ‘ಪುಸಕ’ವಾಗುತ್ತಿತ್ತು. ಅರ್ಕಾವತ್ತು ಬಂದರಂತೂ ‘ಸೂರ್ಯ’ ‘ಸೂಯರ’, ‘ವರ್ಷ’ ‘ವಷರ’. ಬರೆಯುವಾಗ ಕೊನೆಗೆ ಬರುವ ಚಿಹ್ನೆಯನ್ನು ಓದುವಾಗ ಮೊದಲು ಉಚ್ಚರಿಸಬೇಕೆಂಬುದು ಅವರಿಗೆ ಹಿಡಿತಕ್ಕೆ ಸಿಕ್ಕಿರಲಿಲ್ಲ. ‘ಓದಲು ಬರುವುದಿಲ್ಲ’ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ ಮಕ್ಕಳಿಗೆ ನಿಜವಾಗಿ ಬೇಕಿದ್ದದ್ದು ಇಷ್ಟು ಸಹಾಯ. ನಲಿಕಲಿ ಶಿಕ್ಷಕಿಯೇ ಮುಂದಾಗಿ, ರಟ್ಟಿನ ಮೇಲೆ ಅರ್ಕಾವತ್ತಿನ ಪದಗಳನ್ನು ಬರೆದು ಹೊಸ ಕಾರ್ಡುಗಳನ್ನು ಮಾಡಿದರು. ಬೆಳಗಿನ ಪ್ರಾರ್ಥನೆಯ ನಂತರದ ಅರ್ಧ ಗಂಟೆಯನ್ನು ಅದಕ್ಕೇ ಮೀಸಲಿಟ್ಟೆವು. ಪ್ರಶ್ನೆ ಎತ್ತಿದ್ದ ಹಿರಿಯ ಮೇಷ್ಟ್ರು ಏಳನೇ ತರಗತಿಯ ಮಕ್ಕಳನ್ನು ಚಿಕ್ಕವರ ಪಕ್ಕ ಕೂರಿಸಿ ಓದಿಸುವ ಹೊಣೆಯನ್ನು ತಾವಾಗಿ ಹೊತ್ತರು. ನಾನು ಅವರಿಗೆ ಆದೇಶ ಕೊಟ್ಟಿರಲಿಲ್ಲ.

ನಲಿಕಲಿ ಹುಟ್ಟಿದ್ದೂ ಶಿಕ್ಷಕರ ಕೈಯಲ್ಲೇ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ ಕಾರ್ಡುಗಳನ್ನು ತಾವೇ ರೂಪಿಸಿದರು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಸಿದ್ಧ ಪೆಟ್ಟಿಗೆಯಲ್ಲಿ ಕಾರ್ಡು ಬರತೊಡಗಿದ ಮೇಲೆ, ಬೇಕಾದುದನ್ನು ನಾವೂ ಮಾಡಿಕೊಳ್ಳಬಹುದು ಎಂಬ ಧೈರ್ಯ ಶಿಕ್ಷಕರಲ್ಲಿ ಕುಗ್ಗಿದೆ ಎಂಬುದು ನನ್ನ ಅಭಿಪ್ರಾಯ.

ಆ ವರ್ಷದ ಯೋಜನೆಯ ಮೊದಲ ಸಾಲು ‘ಡಿಸೆಂಬರ್ ಒಳಗೆ ನಾಲ್ಕನೇ ತರಗತಿಯ ಪ್ರತಿ ಮಗು ಒತ್ತಕ್ಷರವಿರುವ ಒಂದು ಪುಟವನ್ನು ಸರಾಗವಾಗಿ ಓದಬೇಕು’ ಎಂದಾಯಿತು. ಕಾಂಪೌಂಡ್ ಅದರ ಕೆಳಗೆ ಬಂತು. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಓದಿದ್ದು ನಾಲ್ಕನೇ ತರಗತಿಯ ಶಿಕ್ಷಕಿ. ಕಾಂಪೌಂಡ್ ಹಿಂದೆ ಹೋಯಿತೆಂದು ಕೆಲವರು ಗೊಣಗಿದರು. ಆಗ ಒಬ್ಬ ತಾಯಿ, “ಗೋಡೆ ಬೇಕು, ಬೇಡ ಅನ್ನುವುದಿಲ್ಲ. ಮನೆಗೆ ಬಂದ ಕಾಗದವನ್ನು ನನ್ನ ಮಗಳು ಓದಿ ಹೇಳುವಂತಾಗಲಿ, ಅದು ಮೊದಲು” ಎಂದರು. ಶೇಂಗಾ ಕೀಳುವ ದಿನಗಳಲ್ಲಿ ಮಕ್ಕಳು ಹೊಲಕ್ಕೆ ಹೋಗಿ ಹಾಜರಾತಿ ಬೀಳುವ ವಿಷಯವನ್ನೂ ಅಲ್ಲೇ ಮಾತನಾಡಿದೆವು. ಬೆಳಗಿನ ಓದಿನ ಅವಧಿ ತಪ್ಪಿಸಬಾರದು ಎಂದು ಪೋಷಕರೇ ಒಪ್ಪಿಕೊಂಡರು. ಎಲ್ಲರೂ ನಡೆಸಿಕೊಡಲಿಲ್ಲ, ಕೂಲಿಯ ಕಷ್ಟ ನಮಗೂ ಗೊತ್ತು. ಮಗು ಬಾರದ ದಿನ ಮನೆಗೆ ಹೋಗಿ ವಿಚಾರಿಸುವ ಕೆಲಸವನ್ನು ಆಯಾ ಓಣಿಯ ಸದಸ್ಯರು ವಹಿಸಿಕೊಂಡರು.

ಡಿಸೆಂಬರಿನಲ್ಲಿ ಅದೇ ರೀತಿ ಮತ್ತೆ ಓದಿಸಿದೆವು. ಬಹುತೇಕ ಮಕ್ಕಳು ದಾಟಿದ್ದರು. ಉಳಿದವರಲ್ಲಿ ಹೆಚ್ಚಿನವರು ದೀರ್ಘ ಗೈರುಹಾಜರಿಯವರು. ಅವರಿಗಾಗಿ ಬೆಳಗಿನ ಅವಧಿಯನ್ನು ವರ್ಷದ ಕೊನೆಯವರೆಗೂ ನಡೆಸಿದೆವು. ಮರುವರ್ಷ ನಾಲ್ಕನೇ ತರಗತಿಯ ಶಿಕ್ಷಕಿಗೆ ವರ್ಗಾವಣೆಯಾಯಿತು. ಹೊಸದಾಗಿ ಬಂದವರ ಕೈಗೆ ನಲಿಕಲಿ ಶಿಕ್ಷಕಿ ಆ ಹಾಳೆಗಳ ಕಟ್ಟನ್ನೂ ಕಾರ್ಡುಗಳನ್ನೂ ಕೊಟ್ಟು, ಯಾವ ಮಗು ಎಲ್ಲಿ ನಿಲ್ಲುತ್ತದೆ ಎಂದು ಕುಳಿತು ವಿವರಿಸಿದರು. ಆ ವರ್ಷದ ಯೋಜನೆಗೆ ಹಿರಿಯ ಮೇಷ್ಟ್ರು ಗಣಿತದಿಂದ ಒಂದು ಸಾಲು ಸೇರಿಸಿದರು: ದಶಕ ತೆಗೆದುಕೊಂಡು ಮಾಡುವ ವ್ಯವಕಲನ, ಐದನೇ ತರಗತಿ, ಹೊಣೆ ನನ್ನದು.