ಫುಟ್‌ಬಾಲ್ ಬೂಟು ಆರ್ಡರ್ ಮಾಡುವ ಮೊದಲು ಮೈದಾನ ನೋಡಿ

ಚಿಕ್ಕಮಗಳೂರಿನಲ್ಲಿ ಫುಟ್‌ಬಾಲ್ ಆಡುವ ಮಕ್ಕಳಿಗೆ ಬೂಟು ಬೇಕು ಅಂದರೆ ಇರುವುದು ಎರಡು ದಾರಿ. ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಸಿಕ್ಕಿದ್ದರಲ್ಲಿ ಆರಿಸಿಕೊಳ್ಳಬೇಕು, ಇಲ್ಲವೇ ಫೋನ್ ತೆಗೆದು ಆರ್ಡರ್ ಹಾಕಬೇಕು. ಸಣ್ಣ ಊರಿನ ಅಂಗಡಿಯವರು ಓಡುವ ಮಾಲನ್ನೇ ಇಡುತ್ತಾರೆ, ಅದು ತಪ್ಪಲ್ಲ. ಕ್ರಿಕೆಟ್ ಬ್ಯಾಟು, ಶಟಲ್ ಬ್ಯಾಟು ಬೇಕಾದಷ್ಟು ಇರುತ್ತವೆ, ಫುಟ್‌ಬಾಲ್ ಬೂಟಿನಲ್ಲಿ ಮಾತ್ರ ಮಾಡೆಲ್ ಇದ್ದರೆ ಸೈಜ್ ಇರಲ್ಲ, ಸೈಜ್ ಇದ್ದರೆ ಮಾಡೆಲ್ ಇರಲ್ಲ. ಕೊಪ್ಪ, ಕಳಸದ ಕಡೆಯವರಿಗೆ ಆ ಒಂದು ಸುತ್ತಿಗೇ ಇಡೀ ದಿನ ಬೇಕು. ಹಾಗಾಗಿ ಎಲ್ಲರೂ ಆನ್‌ಲೈನ್ ಕಡೆ ಹೋಗುತ್ತಾರೆ.

ಆದರೆ ಅಲ್ಲಿ ನೋಡುವ ಕ್ರಮವೇ ಉಲ್ಟಾ. ಮಕ್ಕಳು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಯಾವ ಆಟಗಾರ ಹಾಕುತ್ತಾನೆ ಅಂತ ನೋಡುತ್ತಾರೆ. ಅಪ್ಪ ಅಮ್ಮ ರೇಟು ನೋಡುತ್ತಾರೆ. ಬೂಟಿನ ಅಡಿಯ ಫೋಟೊ ಕೊನೆಯಲ್ಲೆಲ್ಲೋ ಇರುತ್ತದೆ, ಅಲ್ಲಿ ತನಕ ಯಾರೂ ಹೋಗುವುದಿಲ್ಲ. ನಿಜವಾಗಿ ಶುರು ಮಾಡಬೇಕಾದ್ದು ಅಲ್ಲಿಂದಲೇ. ಅಡಿ ನೀವು ಆಡುವ ನೆಲಕ್ಕೆ ಹೊಂದಬೇಕು, ಅಳತೆ ನಿಮ್ಮ ಪಾದಕ್ಕೆ ಹೊಂದಬೇಕು. ಇವೆರಡು ಸರಿಯಾದರೆ ಸಾವಿರ ರೂಪಾಯಿ ಬೂಟಿನಲ್ಲೂ ಚೆನ್ನಾಗಿ ಆಡಬಹುದು. ಇವೆರಡು ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಕಾಲು ನೋವೇ ಗತಿ.

ಮೊದಲು ನೆಲ

ನೀವು ಜಾಸ್ತಿ ಆಡುವುದು ಎಲ್ಲಿ? ಇದಕ್ಕೆ ಉತ್ತರ ಗೊತ್ತಾಗುವ ತನಕ ಆ್ಯಪ್ ತೆರೆಯಬೇಡಿ. ನಮ್ಮದು ಒಂದೇ ಜಿಲ್ಲೆಯಾದರೂ ನೆಲ ಒಂದೇ ಅಲ್ಲ. ಕಡೂರು, ಬೀರೂರಿನ ಕಡೆ ಬಯಲುಸೀಮೆ, ಮೈದಾನದಲ್ಲಿ ಹುಲ್ಲು ಕಡಿಮೆ, ಬೇಸಿಗೆಯಲ್ಲಿ ಗುದ್ದಲಿ ಹಾಕಿದರೂ ಏಳದಷ್ಟು ಗಟ್ಟಿ ನೆಲ. ಮೂಡಿಗೆರೆ, ಶೃಂಗೇರಿ, ಕಳಸದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆ, ಗೋಲಿನ ಮುಂದೆ ಪಾದ ಮುಳುಗುವಷ್ಟು ಕೆಸರು. ಪಕ್ಕದ ಹಾಸನ ಜಿಲ್ಲೆಯಲ್ಲೂ ಅಷ್ಟೆ, ಅರಸೀಕೆರೆಯ ನೆಲವೇ ಬೇರೆ, ಸಕಲೇಶಪುರದ ನೆಲವೇ ಬೇರೆ. ಕಾಫಿ ತೋಟದ ಲೈನ್ ಮನೆಗಳ ಮಕ್ಕಳು ಕೊಯ್ಲು ಇಲ್ಲದ ದಿನ ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲೇ ಆಡುತ್ತಾರೆ. ಇಷ್ಟಕ್ಕೂ ಒಂದೇ ಬೂಟು ಆಗುವುದಿಲ್ಲ ಅಲ್ವಾ?

ಬೂಟಿನ ಹೆಸರಿನ ಕೊನೆಯಲ್ಲಿ ಎರಡು ಅಕ್ಷರ ಇರುತ್ತವೆ, ಅದನ್ನು ಓದಿ. ಎಫ್‌ಜಿ ಅಂದರೆ ಹುಲ್ಲಿರುವ, ಸ್ವಲ್ಪ ಮೆತ್ತಗಿರುವ ಮೈದಾನಕ್ಕೆ. ಅಚ್ಚಿನಲ್ಲೇ ಕೂತ ಉದ್ದನೆಯ ಪ್ಲಾಸ್ಟಿಕ್ ಸ್ಟಡ್, ಅಂದರೆ ನೆಲ ಕಚ್ಚುವ ಮೊಳೆಯಂಥ ಗುಬುಟುಗಳು, ಇರುತ್ತವೆ. ಎಸ್‌ಜಿ ಅಂದರೆ ನೆಂದ, ಕೆಸರು ನೆಲಕ್ಕೆ, ಇದರಲ್ಲಿ ಲೋಹದ ಸ್ಟಡ್‌ಗಳನ್ನು ತಿರುಗಿಸಿ ಕೂರಿಸಬೇಕು. ಎಜಿ ಕೃತಕ ಹುಲ್ಲಿಗೆ, ಗಿಡ್ಡ ಸ್ಟಡ್‌ಗಳು ಜಾಸ್ತಿ ಇರುತ್ತವೆ. ಟಿಎಫ್ ಗಟ್ಟಿ ನೆಲಕ್ಕೂ ಆಗುತ್ತದೆ, ಅಡಿ ತುಂಬ ಸಣ್ಣ ಸಣ್ಣ ರಬ್ಬರ್ ಗುಬುಟುಗಳು. ಐಸಿ ಅಂದರೆ ಚಪ್ಪಟೆ ಅಡಿ, ಒಳಾಂಗಣಕ್ಕೂ ಸಿಮೆಂಟ್ ನೆಲಕ್ಕೂ ಅದೇ. ಎಂಜಿ ಅಂತ ಇದ್ದರೆ ಸಹಜ ಹುಲ್ಲು, ಕೃತಕ ಹುಲ್ಲು ಎರಡಕ್ಕೂ ನಡೆಯುತ್ತದೆ ಎಂದರ್ಥ.

ಆ್ಯಪ್‌ಗಳಲ್ಲಿ ಜಾಸ್ತಿ ಕಾಣುವುದು ಎಫ್‌ಜಿ. ನಮ್ಮಲ್ಲಿ ಬಹಳ ಜನರಿಗೆ ಬೇಕಾಗಿರುವುದು ಟಿಎಫ್. ಈ ಒಂದು ಮಾತು ಮಾತ್ರ ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಗಟ್ಟಿ ಮಣ್ಣಿನಲ್ಲಿ ಎಫ್‌ಜಿ ಸ್ಟಡ್ ಒಳಗೆ ಇಳಿಯುವುದೇ ಇಲ್ಲ. ಮೈಭಾರವೆಲ್ಲ ಹತ್ತು ಹನ್ನೆರಡು ತುದಿಗಳ ಮೇಲೆ ನಿಲ್ಲುತ್ತದೆ, ಆ ಒತ್ತು ನೇರ ಅಂಗಾಲಿಗೆ ಬರುತ್ತದೆ. ಆಟ ಮುಗಿಸಿ ಬಂದ ಮಗು ಹಿಮ್ಮಡಿ ಹಿಡಿದುಕೊಂಡು ಕೂತರೆ ಬೂಟು ತಿರುಗಿಸಿ ಅಡಿ ನೋಡಿ. ಬೆಳೆಯುವ ಮಕ್ಕಳ ಹಿಮ್ಮಡಿ ಮೂಳೆ ಇನ್ನೂ ಎಳೆಯದು, ಅದಕ್ಕೆ ಈ ಒತ್ತು ಒಳ್ಳೆಯದಲ್ಲ. ಬಾಡಿಗೆಗೆ ಸಿಗುವ ಟರ್ಫ್‌ನಲ್ಲಿ, ಅಂದರೆ ಕೃತಕ ಹುಲ್ಲಿನ ಮೈದಾನದಲ್ಲಿ, ಇದರ ಉಲ್ಟಾ ತೊಂದರೆ. ಅಲ್ಲಿ ಎಫ್‌ಜಿ ಸ್ಟಡ್ ಹುಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಮಂಡಿ ಉಳುಕುತ್ತದೆ.

ಹಾಗಾದರೆ ಮಳೆಗಾಲದ ಕೆಸರಿಗೆ? 1954ರ ವಿಶ್ವಕಪ್ ಫೈನಲ್ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಸುರಿವ ಮಳೆಯಲ್ಲೇ ನಡೆಯಿತು. ಅಡಿಡಾಸ್ ಕಂಪನಿ ಕಟ್ಟಿದ ಆಡಿ ಡಾಸ್ಲರ್ ಪಶ್ಚಿಮ ಜರ್ಮನಿ ತಂಡಕ್ಕೆ ಬದಲಾಯಿಸಬಹುದಾದ ಸ್ಟಡ್‌ಗಳ ಬೂಟು ಕೊಟ್ಟಿದ್ದರು, ಕೆಸರಿಗೆ ಅಂತ ಉದ್ದದ ಸ್ಟಡ್ ಹಾಕಿಸಿದರು. ಗುಂಪು ಹಂತದಲ್ಲಿ ತಮ್ಮನ್ನು 8–3ರಿಂದ ಸೋಲಿಸಿದ್ದ ಹಂಗೇರಿಯನ್ನು ಜರ್ಮನ್ನರು ಅವತ್ತು 3–2ರಿಂದ ಸೋಲಿಸಿದರು. ಗೆದ್ದಿದ್ದು ಬರೀ ಬೂಟಿನಿಂದ ಅಲ್ಲ, ಆದರೆ ಕೆಸರಿನಲ್ಲಿ ಅಡಿ ಎಷ್ಟು ಮುಖ್ಯ ಅನ್ನೋದಕ್ಕೆ ಈಗಲೂ ಜನ ಹೇಳುವುದು ಅದೇ ಆಟದ ಕಥೆ. ಅಷ್ಟಿದ್ದರೂ ಶಾಲೆ ಮಕ್ಕಳಿಗೆ ಎಸ್‌ಜಿ ಬೇಡ ಅಂತಲೇ ನನ್ನ ಅಭಿಪ್ರಾಯ. ಅವು ದುಬಾರಿ, ನಮ್ಮಲ್ಲಿ ಸಿಗುವುದೂ ಕಡಿಮೆ, ಸವೆದು ಚೂಪಾದ ಲೋಹದ ಸ್ಟಡ್ ಎದುರಾಳಿಯ ಕಾಲು ಸೀಳಬಹುದು. ಮಲೆನಾಡಿನ ಮಳೆಗಾಲಕ್ಕೆ ಎಫ್‌ಜಿ ಸಾಕು, ಉಳಿದ ತಿಂಗಳಿಗೆ ಟಿಎಫ್. ಎರಡು ಜೊತೆ ಕೊಳ್ಳಲು ಆಗದಿದ್ದರೆ ಟಿಎಫ್ ಒಂದನ್ನೇ ಕೊಳ್ಳಿ. ಕೆಸರಿನಲ್ಲಿ ಸ್ವಲ್ಪ ಜಾರುತ್ತದೆ, ಆದರೆ ವರ್ಷದ ಜಾಸ್ತಿ ದಿನ ಕಾಲು ಉಳಿಯುತ್ತದೆ.

ಆಮೇಲೆ ಪಾದ

ಹಳೆ ಕ್ಯಾಲೆಂಡರಿನ ಒಂದು ಹಾಳೆ ತೆಗೆದುಕೊಳ್ಳಿ. ಬಿಳಿ ಬದಿ ಮೇಲೆ ಮಾಡಿ, ಗೋಡೆಗೆ ತಾಗಿಸಿ ನೆಲಕ್ಕೆ ಹಾಕಿ. ಸಂಜೆ ಹೊತ್ತು ಅಳೆಯಿರಿ, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ. ಆಟಕ್ಕೆ ಹಾಕುವ ದಪ್ಪ ಸಾಕ್ಸ್ ಹಾಕಿಸಿ, ಹಿಮ್ಮಡಿ ಗೋಡೆಗೆ ಒತ್ತಿ ನಿಲ್ಲಿಸಿ. ಮಕ್ಕಳು ಬಗ್ಗಿ ನೋಡುತ್ತಾರೆ, ಬಗ್ಗಿದರೆ ಹಿಮ್ಮಡಿ ಮುಂದೆ ಸರಿಯುತ್ತದೆ, ಹಾಗಾಗಿ ಗುರುತು ಹಾಕುವ ಕೆಲಸ ಬೇರೆಯವರು ಮಾಡಲಿ. ಪೆನ್ಸಿಲ್ ನೆಟ್ಟಗೆ ಹಿಡಿದು ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆಯಿರಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ ಇರುತ್ತದೆ, ಗಮನಿಸಿ. ಇನ್ನೊಂದು ಕಾಲನ್ನೂ ಅಳೆಯಿರಿ. ಯಾವುದು ದೊಡ್ಡದೋ ಅದನ್ನೇ ಲೆಕ್ಕಕ್ಕೆ ಹಿಡಿದು, ಅದಕ್ಕೆ ಅರ್ಧ ಸೆಂಟಿಮೀಟರ್ ಸೇರಿಸಿ. ಇದೇ ನಿಮ್ಮ ನಂಬರ್.

ಈ ಸೆಂಟಿಮೀಟರ್ ಲೆಕ್ಕ ಯಾಕೆ ಬೇಕು ಅಂದರೆ, ಎಲ್ಲ ಕಂಪನಿಯ 8 ನಂಬರ್ ಒಂದೇ ಅಲ್ಲ. ನೈಕಿಯ ಯುಕೆ 8 ಅಂದರೆ 27 ಸೆಂ.ಮೀ., ಅಡಿಡಾಸ್‌ನ ಯುಕೆ 8 ಅಂದರೆ 26.5 ಸೆಂ.ಮೀ. ಇನ್ನು ಯುಎಸ್ ನಂಬರ್ ನೋಡಿ ಆರ್ಡರ್ ಹಾಕಿದರೆ ಕಥೆ ಮುಗಿಯಿತು, ಬೂಟು ಚಿಕ್ಕದು ಬರುವುದು ಖಾತ್ರಿ. ಪ್ರತಿ ಕಂಪನಿಯ ಸೈಜ್ ಪಟ್ಟಿ ತೆರೆದು ಸೆಂಟಿಮೀಟರ್ ಸಾಲು ನೋಡಿ ಆರಿಸಿ. ಮಕ್ಕಳ ಸೈಜಿನಲ್ಲಿ ಇನ್ನೊಂದು ಗೊಂದಲ ಇದೆ. ಯುಕೆ ಲೆಕ್ಕದಲ್ಲಿ ಮಕ್ಕಳ ನಂಬರ್ 13ರ ತನಕ ಹೋಗಿ ಮತ್ತೆ 1ರಿಂದ ಶುರುವಾಗುತ್ತದೆ, ಅಂದರೆ 13ಕ್ಕಿಂತ 1 ದೊಡ್ಡದು.

ಅಗಲ ಮರೆಯಬೇಡಿ. ಬರಿಗಾಲಲ್ಲಿ ಓಡಾಡಿ ಬೆಳೆದ ಮಕ್ಕಳ ಪಾದ ಮುಂದುಗಡೆ ಅಗಲ ಇರುತ್ತದೆ. ನೈಕಿಯ ಮರ್ಕ್ಯುರಿಯಲ್ ಕಿರಿದಾದ ಬೂಟು, ವೇಗದ ಆಟಗಾರರಿಗೆ ಅಂತ ಮಾಡಿದ್ದು. ಅಗಲ ಪಾದದವರು ಅದರ ಅಂದಕ್ಕೆ ಮರುಳಾಗಬಾರದು. ನ್ಯೂ ಬ್ಯಾಲೆನ್ಸ್ ಕೆಲವು ಬೂಟುಗಳನ್ನು ಅಗಲದ ಅಳತೆಯಲ್ಲೇ ಬೇರೆಯಾಗಿ ಕೊಡುತ್ತದೆ. ಬೇರೆ ಬೂಟಾದರೆ ವಿಮರ್ಶೆಗಳಲ್ಲಿ 'ಟೈಟ್' ಅನ್ನುವ ಪದ ಹುಡುಕಿ, ಎಷ್ಟು ಜನ ಬರೆದಿದ್ದಾರೆ ನೋಡಿ. ಮಗು ಬೆಳೆಯುತ್ತದೆ ಅಂತ ಎರಡು ಸೈಜ್ ದೊಡ್ಡದು ತರಿಸುವ ಆಸೆ ಎಲ್ಲ ಮನೆಯಲ್ಲೂ ಇರುತ್ತದೆ. ಶಾಲೆಯ ಶೂಗೆ ಅದು ನಡೆಯಬಹುದು, ಫುಟ್‌ಬಾಲ್‌ಗೆ ನಡೆಯಲ್ಲ. ಪಾದ ಒಳಗೆ ಜಾರಿ ಬೊಬ್ಬೆ ಬರುತ್ತದೆ, ಚೆಂಡು ಬೇಕಾದಲ್ಲಿ ತಾಗುವುದಿಲ್ಲ.

ರೇಟು, ಹೆಸರು, ನಕಲಿ

ಒಂದೇ ಹೆಸರಿನ ಬೂಟು ನಾಲ್ಕು ಬೆಲೆಗೆ ಕಾಣುತ್ತದೆ. ಅದರಲ್ಲಿ ಮೋಸ ಇಲ್ಲ, ದರ್ಜೆ ಬೇರೆ ಅಷ್ಟೆ. ನೈಕಿಯಲ್ಲಿ ಮೇಲಿನಿಂದ ಎಲೀಟ್, ಪ್ರೊ, ಅಕಾಡೆಮಿ, ಕ್ಲಬ್. ಅಡಿಡಾಸ್‌ನಲ್ಲಿ ಎಲೀಟ್, ಪ್ರೊ, ಲೀಗ್, ಕ್ಲಬ್. ಮೇಲಿನ ದರ್ಜೆಯವು ಹಗುರ, ಮೃದು, ಆದರೆ ಒರಟು ಮಣ್ಣಿಗೆ ಬೇಗ ಹರಿಯುತ್ತವೆ. ನಮ್ಮ ಮೈದಾನಗಳಿಗೆ ಕೆಳಗಿನ ಎರಡು ದರ್ಜೆಯೇ ವಾಸಿ, ಬಾಳಿಕೆ ಬರುವುದೂ ಅವೇ. ಈಗಷ್ಟೇ ಆಟ ಶುರು ಮಾಡಿದ ಮಕ್ಕಳಿಗೆ ಜಲಂಧರ್‌ನ ನಿವಿಯಾ, ಡೆಕಾಥ್ಲಾನ್‌ನ ಕಿಪ್ಸ್ಟಾ ಧಾರಾಳ ಸಾಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ 5%, ಅದಕ್ಕಿಂತ ಮೇಲೆ 18%. ಹಾಗಾಗಿ ಬಜೆಟ್ ಆ ಗಡಿಯ ಆಚೆ ಈಚೆ ಇದ್ದರೆ ಒಳಗೇ ಹುಡುಕುವುದು ಲಾಭ. ಹೊಸ ಮಾಡೆಲ್ ಬಂದ ತಕ್ಷಣ ಹಳೆಯದರ ರೇಟು ಇಳಿಯುತ್ತದೆ. ಆಗ ಹಳೆಯದನ್ನೇ ತೆಗೆದುಕೊಳ್ಳಿ, ಬಣ್ಣ ಬಿಟ್ಟರೆ ದೊಡ್ಡ ಬದಲಾವಣೆ ಇರುವುದು ಅಪರೂಪ.

15 ಸಾವಿರದ ಮೇಲಿನ ಎಲೀಟ್ ಬೂಟು ಯಾರಾದರೂ 1,500ಕ್ಕೆ ಕೊಡುತ್ತೇನೆ ಅಂದರೆ ಅದು ನಕಲಿ. ಇನ್‌ಸ್ಟಾಗ್ರಾಂನಲ್ಲಿ 'ಫಸ್ಟ್ ಕಾಪಿ' ಅಂತ ರಾಜಾರೋಷವಾಗಿ ಮಾರುತ್ತಾರೆ. ಅಡಿಯ ಅಂಟು ಬಿಟ್ಟರೆ ಕೇಳುವವರು ಯಾರೂ ಇರಲ್ಲ. ದೊಡ್ಡ ಆ್ಯಪ್‌ನಲ್ಲೂ ಮಾರುವವರು ಬೇರೆ ಬೇರೆ ಇರುತ್ತಾರೆ, 'ಮಾರಾಟಗಾರ' ಅನ್ನುವ ಜಾಗದಲ್ಲಿ ಯಾರ ಹೆಸರಿದೆ ನೋಡಿ. ಬೂಟು ಕೈಗೆ ಬಂದ ಮೇಲೆ ಒಳಗಿನ ಲೇಬಲ್‌ನ ಮಾಡೆಲ್ ಕೋಡ್, ಬಾಕ್ಸಿನ ಮೇಲಿನ ಕೋಡ್ ಒಂದೇ ಇರಬೇಕು. ಆ ಕೋಡ್ ಗೂಗಲ್‌ನಲ್ಲಿ ಹಾಕಿದರೆ ಅದೇ ಬೂಟು, ಅದೇ ಬಣ್ಣ ಬರಬೇಕು.

ಪಿನ್‌ಕೋಡ್ ಹಾಕಿ ನೋಡಿ

ಬೂಟು ಆರಿಸಿದ ಮೇಲೆ ಕೂಡಲೇ ದುಡ್ಡು ಕಟ್ಟಬೇಡಿ. ಚಿಕ್ಕಮಗಳೂರು 577101ಕ್ಕೆ ಬರುವ ಎಲ್ಲವೂ ಮೂಡಿಗೆರೆ 577132ರ ಒಳಗಿನ ತೋಟದ ಮನೆಗೆ ಬರುತ್ತದೆ ಅನ್ನುವಂತಿಲ್ಲ. ಡೆಲಿವರಿ ಇದ್ದರೂ ವಾಪಸ್ ಒಯ್ಯುವ ಸೌಲಭ್ಯ ಇಲ್ಲದಿರಬಹುದು, ಬೂಟಿನ ವಿಷಯದಲ್ಲಿ ಇದೇ ಮುಖ್ಯ, ಯಾಕೆಂದರೆ ಸೈಜ್ ಬದಲಾಯಿಸುವ ಸಂದರ್ಭ ಬಂದೇ ಬರುತ್ತದೆ. 'ಸೈಜ್ ಎಕ್ಸ್‌ಚೇಂಜ್' ಇದೆಯಾ, ಎಷ್ಟು ದಿನ, ನಾವೇ ಕೊರಿಯರ್ ಮಾಡಬೇಕಾ, ಮೂರನ್ನೂ ಓದಿ. ತೋಟದ ವಿಳಾಸ ಕೊಟ್ಟರೆ ಕೊರಿಯರ್ ಹುಡುಗ ಫೋನ್ ಮಾಡಿ 'ಅಣ್ಣಾ, ಟೌನಿಗೆ ಬಂದು ತಗೊಳ್ಳಿ' ಅನ್ನುತ್ತಾನೆ, ಅವನು ಫೋನ್ ಮಾಡುವ ಹೊತ್ತಿಗೆ ನಮ್ಮಲ್ಲಿ ನೆಟ್‌ವರ್ಕ್ ಇರಲ್ಲ, ಓಟಿಪಿ ಬರಲ್ಲ, ಪಾರ್ಸೆಲ್ ವಾಪಸ್ ಹೋಗುತ್ತದೆ. ಪೇಟೆಯಲ್ಲಿರುವ ನೆಂಟರ ಮನೆ ಅಥವಾ ಪರಿಚಯದ ಅಂಗಡಿಯ ವಿಳಾಸ ಕೊಟ್ಟು, ಅವರದೇ ಫೋನ್ ನಂಬರ್ ಹಾಕುವುದು ಒಳ್ಳೆಯದು.

ಗೊತ್ತಿಲ್ಲದ ಪೇಜ್‌ನಿಂದ ಕೊಳ್ಳುವುದಾದರೆ ಕ್ಯಾಶ್ ಆನ್ ಡೆಲಿವರಿ ಬಿಟ್ಟು ಬೇರೆ ಬೇಡ. ದುಡ್ಡು ವಾಪಸ್ ಕೊಡುತ್ತೇವೆ, ಯುಪಿಐ ಪಿನ್ ಹಾಕಿ ಅಂದರೆ ಫೋನ್ ಇಡಿ. ದುಡ್ಡು ಬರುವುದಕ್ಕೆ ಪಿನ್ ಯಾವತ್ತೂ ಬೇಡ. ಮೋಸ ಹೋದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಾಲು ಸರಿಯಿಲ್ಲದೆ ಕಂಪನಿ ಸತಾಯಿಸಿದರೆ ಸುಮ್ನೆ ಇರಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ.

ಬಾಕ್ಸ್ ಬಂದಾಗ

ತೆರೆಯುವಾಗ ವಿಡಿಯೊ ಮಾಡಿ, ಲೇಬಲ್‌ನಿಂದ ಶುರು ಮಾಡಿ ಎರಡೂ ಬೂಟಿನ ಅಡಿ ತನಕ. ಮನೆಯೊಳಗೆ ಚಾಪೆ ಮೇಲೆ ಮಾತ್ರ ಹಾಕಿ ನೋಡಿ, ಟ್ಯಾಗ್ ಕೀಳಬೇಡಿ. ಮಣ್ಣು ತಾಗಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಸಾಕ್ಸ್ ಹಾಕಿ, ಲೇಸ್ ಪೂರ್ತಿ ಬಿಗಿದು, ತುದಿಗಾಲಲ್ಲಿ ನಿಂತು, ಸ್ವಲ್ಪ ಜಿಗಿದು ನೋಡಿ. ಬೆರಳಿನ ಮುಂದೆ ಕಿರುಬೆರಳಿನ ಅರ್ಧ ಅಗಲದಷ್ಟು ಜಾಗ ಇರಲಿ, ಹಿಮ್ಮಡಿ ಮೇಲೇಳಬಾರದು. ಪಕ್ಕದಲ್ಲಿ ಒತ್ತುತ್ತಿದ್ದರೆ 'ಆಡ್ತಾ ಆಡ್ತಾ ಸರಿಹೋಗುತ್ತೆ' ಅಂತ ಇಟ್ಟುಕೊಳ್ಳಬೇಡಿ. ಚರ್ಮದ ಬೂಟು ಹಿಗ್ಗುತ್ತದೆ, ಸಿಂಥೆಟಿಕ್ ಅಷ್ಟಾಗಿ ಹಿಗ್ಗುವುದಿಲ್ಲ.

ಉಳಿದ ಸಾಮಾನು

ಮೊಣಕಾಲ ಕೆಳಗಿನ ಮೂಳೆ ಕಾಯುವ ಶಿನ್ ಗಾರ್ಡ್ ಇಲ್ಲದೆ ಆಡಿಸಬೇಡಿ. ಆಟದ ನಿಯಮದಲ್ಲೇ ಅದು ಕಡ್ಡಾಯ, ಸಾಕ್ಸ್ ಅದನ್ನು ಪೂರ್ತಿ ಮುಚ್ಚಬೇಕು. ಸೈಜ್ ಎತ್ತರದ ಮೇಲೆ ಇರುತ್ತದೆ, ವಯಸ್ಸಿನ ಮೇಲೆ ಅಲ್ಲ. ಚೆಂಡಿನಲ್ಲಿ ದೊಡ್ಡವರಿಗೆ ಸೈಜ್ 5, ಅಂದರೆ ಸುತ್ತಳತೆ 68–70 ಸೆಂ.ಮೀ., ತೂಕ 410–450 ಗ್ರಾಂ. ಹನ್ನೆರಡರ ಒಳಗಿನವರಿಗೆ ಸೈಜ್ 4 ಕೊಡಿ. ಕಲ್ಲು ಮಣ್ಣಿನ ಮೈದಾನಕ್ಕೆ ಅಚ್ಚಿನ ರಬ್ಬರ್ ಚೆಂಡೇ ಬಾಳುತ್ತದೆ.

ತಂಡಕ್ಕೆ ಜೆರ್ಸಿ ತರಿಸುವುದಾದರೆ ಮೊದಲು ಒಂದೇ ಒಂದು ಸ್ಯಾಂಪಲ್ ತರಿಸಿ. ಫೋನಿನಲ್ಲಿ ಕಂಡ ನೀಲಿ ಕೈಗೆ ಬಂದಾಗ ಬೇರೆಯೇ ಇರುತ್ತದೆ. ಎಸ್, ಎಂ, ಎಲ್ ನಂಬಬೇಡಿ, ಪ್ರತಿಯೊಬ್ಬರ ಎದೆ ಸುತ್ತಳತೆ ಇಂಚಿನಲ್ಲಿ ಬರೆದು ಕಳಿಸಿ. ತೋಳಿಲ್ಲದ ಜೆರ್ಸಿ ಪಂದ್ಯಕ್ಕೆ ಆಗುವುದಿಲ್ಲ, ಗೋಲ್‌ಕೀಪರ್‌ಗೆ ಬಣ್ಣ ಬೇರೆ ಬೇಕು. ಹೆಸರು, ನಂಬರ್ ಒಂದು ಹಾಳೆಯಲ್ಲಿ ಬರೆದು, ಆಡುವವರಿಗೇ ತೋರಿಸಿ ಸಹಿ ಹಾಕಿಸಿಕೊಂಡರೆ ಆಮೇಲೆ ಜಗಳ ಇರಲ್ಲ.

ಮಲೆನಾಡಿನವರಿಗೆ ಇನ್ನೊಂದು. ನೆಂದ ಬೂಟನ್ನು ಬಚ್ಚಲ ಒಲೆ ಪಕ್ಕ ಇಡಬೇಡಿ, ಬಿಸಿಗೆ ಅಡಿಯ ಅಂಟು ಬಿಡುತ್ತದೆ, ಚರ್ಮ ಸೀಳುತ್ತದೆ. ಕೆಸರು ತೊಳೆದು, ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೆ ಪೇಪರ್ ತುರುಕಿ ಗಾಳಿಯಾಡುವ ಕಡೆ ಇಡಿ. ರಾತ್ರಿ ಮಲಗುವ ಮುಂಚೆ ಆ ಪೇಪರ್ ತೆಗೆದು ಬೇರೆ ಒಣ ಪೇಪರ್ ಹಾಕಿ. ಜುಲೈನಲ್ಲಿ ಹೀಗೆ ಮಾಡಿದರೂ ಒಣಗಲು ಎರಡು ದಿನ ಬೇಕಾಗಬಹುದು, ಅದನ್ನು ನೋಡಿಕೊಂಡೇ ಅಭ್ಯಾಸದ ದಿನ ಇಟ್ಟುಕೊಳ್ಳಿ.